ನಿಂಗಾಜಿ ನೋಡದೆ ಇಟ್ಟ ಹೂವು

ಮಕ್ಕಳೇ, ಒಂದು ಕುರುಚಲು ಕಾಡಿನ ನಡುವೆ ಕೆರೆಯೊಂದಿತ್ತು. ಕೆರೆಯ ಪಕ್ಕದಲ್ಲಿ ಅಗಲವಾದ ಹಾಸುಬಂಡೆ, ಬಂಡೆಗೆ ನೆರಳಾಗಿ ಒಂದು ಹೊಂಗೆ ಮರ. ಬಿಸಿಲು ಇಳಿಯುತ್ತಿದ್ದಂತೆ ಸುತ್ತಲಿನ ಪ್ರಾಣಿ ಪಕ್ಷಿಗಳೆಲ್ಲ ಆ ಬಂಡೆಯ ಬಳಿ ಸೇರುತ್ತಿದ್ದವು. ಆ ದಿನ ಕಂಡದ್ದು, ಕಲಿತದ್ದು, ಮಾಡಿದ್ದು ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳುತ್ತಿದ್ದವು.

ಒಮ್ಮೆ ಅಳಿಲೊಂದು, "ದಿಬ್ಬದ ಮೇಲಿನ ಕೆಂಪು ಹಣ್ಣನ್ನು ಯಾರೂ ತಿನ್ನಬೇಡಿ, ಅದು ವಿಷದ ಹಣ್ಣು" ಎಂದು ಎಲ್ಲರಿಗೂ ತಿಳಿಸಿತು. ಆ ಹಣ್ಣಿಗೆ ಬಾಯಿ ಹಾಕಲಿದ್ದ ಮೊಲದ ಮರಿಗಳು ಬದುಕಿಕೊಂಡವು. ತಾಯಿ ಮೊಲಕ್ಕೆ ಏನು ಹೇಳಬೇಕೋ ತೋಚಲಿಲ್ಲ. ಕೆಳಗೆ ಉದುರಿದ್ದ ಹೊಂಗೆ ಹೂವೊಂದನ್ನು ಕಚ್ಚಿ ತಂದು ಅಳಿಲಿನ ಮುಂದೆ ಇಟ್ಟಿತು. ಅಳಿಲಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಅಂದಿನಿಂದ ಅದೇ ರೂಢಿಯಾಯಿತು. ಯಾರು ಮೆಚ್ಚುವಂಥದ್ದು ಮಾಡಿದರೂ ಅವರ ಮುಂದೆ ಒಂದು ಹೂವು. ಯಾರಿಗೆ ಹೂವು ಹೆಚ್ಚೋ ಅವರಿಗೆ ಬಂಡೆಯ ಮೇಲೆ ಜಾಗ.

ಆ ಕೆರೆಯ ದಂಡೆಯಲ್ಲಿ ನಿಂಗಾಜಿ ಎಂಬ ಟಿಟ್ಟಿಭ ಹಕ್ಕಿ ಇದ್ದಳು. ಹಳದಿ ಕಾಲು, ಚುರುಕು ಕಣ್ಣು, ಕೆರೆಯ ಆಚೆ ದಡಕ್ಕೂ ಕೇಳುವ ಗಂಟಲು. ಒಂದು ದಿನ ಕಾಡುಬೆಕ್ಕೊಂದು ಹುಲ್ಲಿನಲ್ಲಿ ಹೊಂಚು ಹಾಕುತ್ತಿದ್ದುದನ್ನು ಮೊದಲು ಕಂಡವಳು ಅವಳೇ. ಕೂಗಿ ಕೂಗಿ ಎಲ್ಲರನ್ನೂ ಎಬ್ಬಿಸಿದಳು. ಆ ಸಂಜೆ ಅವಳ ಮುಂದೆ ಹೂವಿನ ಗುಡ್ಡೆಯೇ ಬಿತ್ತು.

"ನಿಂಗಾಜಿ, ನೀನಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು?" ಎಂದರು ಎಲ್ಲರೂ. ಅವಳನ್ನು ಬಂಡೆಯ ಮೇಲೆ ಕೂರಿಸಿದರು. ನಿಂಗಾಜಿಯ ಎದೆ ತುಂಬಿ ಬಂತು. ಅಷ್ಟು ವರ್ಷ ಕೂಗಿದ್ದಳು, ಅವಳ ಕೂಗನ್ನು ಯಾರೂ ಹೀಗೆ ಕೊಂಡಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಗುಂಡಪ್ಪ ಎಂಬ ಗೋಂಕುರು ಕಪ್ಪೆ ಕುಪ್ಪಳಿಸಿಕೊಂಡು ಬಂದ.

"ನಿಂಗಾಜಕ್ಕ, ನಿನ್ನೆ ನಿನಗೆ ನಾನೂ ಹೂವಿಟ್ಟೆ, ನೋಡಿದೆಯಾ?"

"ನೋಡಿದೆ ಗುಂಡಪ್ಪ, ನಿನ್ನಿಂದ ಉಪಕಾರವಾಯಿತು."

"ಅದು ಸರಿ. ಆದರೆ ನನ್ನ ಹಾಡಿಗೆ ನೀನು ಒಂದೂ ಹೂವಿಡಲಿಲ್ಲವಲ್ಲ!"

ನಿಂಗಾಜಿಗೆ ನಾಚಿಕೆಯಾಯಿತು. ಗುಂಡಪ್ಪ ಅಲ್ಲೇ ಹಾಡತೊಡಗಿದ; ಹಾಡು ಅರ್ಧ ಮುಗಿಯುವಷ್ಟರಲ್ಲೇ ಅವಳು ಓಡಿ ಹೋಗಿ ಹೂವು ತಂದಿಟ್ಟಳು. ಅದನ್ನು ಕಂಡ ಕೊಕ್ಕರೆ, "ನಾನೂ ನಿನಗೆ ಹೂವಿಟ್ಟಿದ್ದೆ" ಎಂದಿತು. ಮುಂಗುಸಿ, "ನನ್ನ ಹೊಸ ಬಿಲ ನೋಡಲು ನೀನು ಬರಲೇ ಇಲ್ಲ" ಎಂದು ಮುಖ ಊದಿಸಿಕೊಂಡಿತು. ಯಾರನ್ನು ಬಿಟ್ಟರೂ ಅವರಿಗೆ ಬೇಸರ. ಬೇಸರವಾದರೆ ಸಂಜೆ ಅವರ ಹೂವು ಬರುವುದಿಲ್ಲ. ಹೂವು ಕಡಿಮೆಯಾದರೆ ಬಂಡೆಯಿಂದ ಕೆಳಗಿಳಿಯಬೇಕು.

ಹೀಗೆ ನಿಂಗಾಜಿಯ ದಿನಗಳು ಹೂವು ಹೊರುವುದರಲ್ಲೇ ಕಳೆಯತೊಡಗಿದವು. ಬಿಲದಿಂದ ಗೂಡಿಗೆ, ಗೂಡಿನಿಂದ ಪೊಟರೆಗೆ. ಹೋದಲ್ಲೆಲ್ಲ ಒಂದು ಹೂವು ಇಟ್ಟು, "ಬಲು ಚೆನ್ನಾಗಿದೆ" ಎಂದು ಹೇಳಿ ಮುಂದಕ್ಕೆ ನಡೆಯುವುದು. ಕಾಲು ಸೋತುಹೋಗುತ್ತಿತ್ತು. ಕೊಕ್ಕಿನಲ್ಲಿ ಯಾವಾಗಲೂ ಹೊಂಗೆ ಹೂವಿನ ಒಗರು. ಮೊದಮೊದಲು ನೋಡಿ ಹೇಳುತ್ತಿದ್ದಳು. ಆಮೇಲೆ ಹೇಳುತ್ತಾ ನೋಡಿದಳು. ಕೊನೆಗೆ ನೋಡುವುದನ್ನೇ ಬಿಟ್ಟಳು. ಸಂಜೆ ಬಂಡೆಯ ಮೇಲೆ ಕೂತಾಗ ತನ್ನ ಮುಂದೆ ಬಿದ್ದ ಹೂವುಗಳನ್ನು ಕಂಡರೂ ಖುಷಿಯಾಗುತ್ತಿರಲಿಲ್ಲ. ನಾಳೆ ಇವನ್ನೆಲ್ಲ ತೀರಿಸಬೇಕಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಅದೇ ಸಮಯಕ್ಕೆ ಕೆಂಚಿ ಎಂಬ ನೀರುಕೋಳಿ ಜೊಂಡಿನ ನಡುವೆ ತನ್ನ ಮೊದಲ ಗೂಡು ಕಟ್ಟಿ ಮೊಟ್ಟೆ ಇಟ್ಟಿದ್ದಳು. ಅವಳು ನಾಚಿಕೆಯ ಸ್ವಭಾವದವಳು, ಬಂಡೆಯ ಹತ್ತಿರ ಬಂದವಳೇ ಅಲ್ಲ. ನಿಂಗಾಜಿ ಆ ಕಡೆ ಹಾದು ಹೋಗುವಾಗ ಕೆಂಚಿ ಮೆಲ್ಲಗೆ ಕರೆದಳು.

"ಅಕ್ಕ, ಒಂದು ಗಳಿಗೆ ನಿಲ್ಲುತ್ತೀಯಾ? ನೀನು ದಂಡೆಯಲ್ಲೇ ಹುಟ್ಟಿ ಬೆಳೆದವಳು. ಗಾಳಿ ಜೋರಾಗಿ ಬೀಸಿದರೆ ಈ ಗೂಡು ನಿಲ್ಲುತ್ತದೆಯೇ? ನನಗೇಕೋ ಅನುಮಾನ. ಬೇಡವೆಂದರೆ ಇಂದೇ ಒಳಗಿನ ಜೊಂಡಿಗೆ ಸಾಗಿಸಿಬಿಡುತ್ತೇನೆ."

ನಿಂಗಾಜಿಯ ಕಣ್ಣು ಆಗಲೇ ಮುಂಗುಸಿಯ ಬಿಲದ ಕಡೆಗಿತ್ತು. ಇನ್ನೂ ಎಷ್ಟೊಂದು ಮನೆಗಳು ಬಾಕಿ! ಅವಳು ಗೂಡಿನ ಅಂಚಿನಲ್ಲಿ ಒಂದು ಹೂವು ಇಟ್ಟು, "ಬಲು ಚೆನ್ನಾಗಿದೆ ಕಣೇ, ಬಲು ಚೆನ್ನಾಗಿದೆ" ಎಂದು ಹೊರಟೇಬಿಟ್ಟಳು.

ಬಂಡೆಯ ಮೇಲೆ ಕೂರುವ ನಿಂಗಾಜಿಯೇ ಹೂವಿಟ್ಟಳು ಎಂದ ಮೇಲೆ ಉಳಿದವರು ಬಿಡುತ್ತಾರೆಯೇ? ಕೊಕ್ಕರೆ ಬಂದು ಇಟ್ಟಿತು, ಅಳಿಲು ಬಂದು ಇಟ್ಟಿತು. ಗುಂಡಪ್ಪ ನೀರಿನಲ್ಲಿ ಈಜಿ ಬಂದು ಇಟ್ಟ. ಗೂಡಿನ ಸುತ್ತ ಹೂವು ರಾಶಿ ಬಿತ್ತು. ಅದರಡಿಯಲ್ಲಿದ್ದ ಜೊಂಡು ಒಣಗಿ ಟೊಳ್ಳಾಗಿದ್ದುದು ಯಾರಿಗೂ ಕಾಣಲಿಲ್ಲ. ಕೆಂಚಿ ತನ್ನ ಅನುಮಾನವನ್ನು ನುಂಗಿಕೊಂಡಳು. ಇಷ್ಟು ಜನ ಒಳ್ಳೆಯದೆಂದ ಮೇಲೆ ಒಳ್ಳೆಯದೇ ಇರಬೇಕು ಎಂದು ಮೊಟ್ಟೆಗಳ ಮೇಲೆ ಕೂತಳು.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು. ಒಣ ಜೊಂಡು ಲಟಲಟನೆ ಮುರಿಯಿತು. ಗೂಡು ಬುಡಸಮೇತ ಕಿತ್ತುಬಂದು, ಕೆಂಚಿಯನ್ನೂ ಮೊಟ್ಟೆಗಳನ್ನೂ ಹೊತ್ತು ಕೆರೆಯ ನಡುವಿಗೆ ತೇಲತೊಡಗಿತು.

ದಂಡೆಯಲ್ಲಿದ್ದ ನಿಂಗಾಜಿ ಅದನ್ನು ಕಂಡು ಎದೆ ಒಡೆಯುವಂತೆ ಕೂಗಿದಳು. "ಓಡಿ ಬನ್ನಿ! ಕೆಂಚಿಯ ಗೂಡು ತೇಲಿ ಹೋಗುತ್ತಿದೆ! ಓಡಿ ಬನ್ನಿ!"

ಹೊಂಗೆ ಮರದಡಿ ಮುದುಡಿ ಕೂತಿದ್ದವರೆಲ್ಲ ಕತ್ತು ಎತ್ತಿದರು.

"ಆಹಾ, ನಿಂಗಾಜಿಯ ಕೂಗು ಎಂದರೆ ಕೂಗು" ಎಂದಿತು ಕೊಕ್ಕರೆ.

"ಇಂದು ನಿನ್ನೆಗಿಂತಲೂ ಜೋರು!" ಎಂದಿತು ಮುಂಗುಸಿ.

ಒಬ್ಬೊಬ್ಬರೇ ಹೂವು ತಂದು ಅವಳ ಕಾಲ ಬಳಿ ಇಡತೊಡಗಿದರು.

"ಹೂವು ಬೇಡ! ಕೆರೆ ನೋಡಿ, ಕೆರೆ!"

"ಎಷ್ಟು ಚೆನ್ನಾಗಿ ಹೇಳಿದಳು" ಎಂದು ಅಳಿಲು ಇನ್ನೊಂದು ಹೂವು ಇಟ್ಟಿತು.

ನಿಂಗಾಜಿ ಹೂವುಗಳನ್ನು ತುಳಿದುಕೊಂಡೇ ಹಾರಿದಳು. ಆಚೆ ದಡದ ಪೊದೆಯಲ್ಲಿ ದ್ಯಾವಣ್ಣ ಎಂಬ ನೀರುನಾಯಿ ಮಲಗಿದ್ದ. ಮಾತಿಗೆ ನಿಲ್ಲದೆ ಅವನ ಬೆನ್ನನ್ನು ಕುಕ್ಕಿದಳು.

"ಅಯ್ಯೋ! ಏನಾಯಿತೇ ನಿನಗೆ?" ಎಂದು ದ್ಯಾವಣ್ಣ ಎದ್ದು ಕೂತ.

"ಅಣ್ಣಾ, ಅಲ್ಲಿ ನೋಡು!"

ದ್ಯಾವಣ್ಣ ನೋಡಿದ. ನೋಡಿದವನೇ ನೀರಿಗೆ ಧುಮುಕಿದ. ಗೂಡು ಅಷ್ಟರಲ್ಲಿ ಒಂದು ಬದಿಗೆ ವಾಲಿತ್ತು. ಅವನು ಅದನ್ನು ಮೂತಿಯಿಂದ ತಳ್ಳುತ್ತಾ ದಡಕ್ಕೆ ತಂದ. ಕೆಂಚಿ ಬದುಕಿದಳು. ಮೊಟ್ಟೆಗಳಲ್ಲಿ ಒಂದೇ ಒಂದು ಉಳಿಯಿತು. ಮಿಕ್ಕವು ನೀರು ಪಾಲಾಗಿದ್ದವು.

ಗಾಳಿ ನಿಂತಿತು. ಕೆಂಚಿ ಒದ್ದೆ ರೆಕ್ಕೆಯಡಿಯಲ್ಲಿ ಆ ಮೊಟ್ಟೆಯನ್ನು ಮುಚ್ಚಿಕೊಂಡು ಕೂತಿದ್ದಳು. ನಿಂಗಾಜಿ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತಳು.

"ಅಕ್ಕ, ಗೂಡನ್ನು ನೀನು ನೋಡಿದ್ದೆಯಲ್ಲ?" ಎಂದಳು ಕೆಂಚಿ.

"ಇಲ್ಲ ಕೆಂಚಿ. ನೋಡಲಿಲ್ಲ. ನೋಡದೆಯೇ ಚೆನ್ನಾಗಿದೆ ಎಂದೆ."

ಕೆಂಚಿ ಮೊಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು, "ಚೆನ್ನಾಗಿಲ್ಲ ಎಂದಿದ್ದರೆ ನನಗೆ ಒಂದು ದಿನ ಬೇಸರವಾಗುತ್ತಿತ್ತು. ಅಷ್ಟೇ ಅಲ್ಲವೇ ಅಕ್ಕ?"



ಅಂದಿನಿಂದ ನಿಂಗಾಜಿ ಬಂಡೆ ಹತ್ತಲಿಲ್ಲ. ಹೂವು ಹೊರಲೂ ಇಲ್ಲ. ಒಳಗಿನ ಗಟ್ಟಿ ಜೊಂಡಿನಲ್ಲಿ ಕೆಂಚಿ ಬೇರೆ ಗೂಡು ಕಟ್ಟುವಾಗ ಜೊತೆಗೆ ನಿಂತು, ಒಂದೊಂದು ದಂಟನ್ನೂ ಕೊಕ್ಕಿನಿಂದ ಎಳೆದು ನೋಡಿದಳು. ಸಡಿಲವಿದ್ದುದನ್ನು ಸಡಿಲ ಎಂದಳು.

ಅವಳಿಗೆ ಬರುತ್ತಿದ್ದ ಹೂವುಗಳು ಬೇಗನೆ ನಿಂತುಹೋದವು. ಬಂಡೆಯ ಮೇಲಿನ ಅವಳ ಜಾಗದಲ್ಲಿ ಕೊಕ್ಕರೆ ಕೂತಿತು. ಕೆಲವರು ಮಾತು ಬಿಟ್ಟರು. ಗುಂಡಪ್ಪ ಮಾತ್ರ ಸುಮ್ಮನಿರಲಾರದೆ ಜಗಳಕ್ಕೇ ಬಂದ.

"ಏನಕ್ಕ, ಈಚೆಗೆ ನನ್ನ ಹಾಡು ನಿನಗೆ ಹಿಡಿಸುತ್ತಿಲ್ಲವೋ?"

"ನಾನು ಅದನ್ನು ಸರಿಯಾಗಿ ಕೇಳಿಯೇ ಇಲ್ಲ ಗುಂಡಪ್ಪ. ಈಗ ಹಾಡು, ಕೇಳುತ್ತೇನೆ."

ಗುಂಡಪ್ಪ ಹಾಡಿದ. ನಿಂಗಾಜಿ ಕಣ್ಣು ಮುಚ್ಚಿ, ದಣಿದ ಕಾಲುಗಳನ್ನು ಮಡಿಸಿಕೊಂಡು ಕೇಳಿದಳು. ಹಾಡು ಮುಗಿಯಿತು.

"ಶುರು ಚೆನ್ನಾಗಿದೆ. ನಡುವೆ ನೊಣ ಕಂಡರೆ ಹಾಡು ಬಿಟ್ಟು ನುಂಗುತ್ತೀಯ, ಅಲ್ಲಿ ತಾಳ ತಪ್ಪುತ್ತದೆ. ಆದರೆ ಕೊನೆಯಲ್ಲಿ ದನಿ ಇಳಿಸುತ್ತೀಯಲ್ಲ, ಅದನ್ನು ಕೇಳಿ ನನಗೆ ನಮ್ಮವ್ವನ ನೆನಪಾಯಿತು" ಎಂದಳು.

ಗುಂಡಪ್ಪನಿಗೆ ಸಿಟ್ಟು ಬರುವುದರಲ್ಲಿತ್ತು. ಆದರೆ ಬರಲಿಲ್ಲ. ಅವನು ಬಹಳ ಹೊತ್ತು ಪಿಳಿಪಿಳಿ ಕಣ್ಣು ಬಿಡುತ್ತಾ ಕೂತ.

"ಅಕ್ಕ," ಎಂದ ಕೊನೆಗೆ, "ಇಷ್ಟು ಹೂವು ಬಂದಿವೆ ನನಗೆ. ನನ್ನ ಹಾಡಿಗೆ ಒಂದು ಕೊನೆಯಿದೆ ಅಂತ ಇದುವರೆಗೆ ಯಾರಿಗೂ ಗೊತ್ತಿರಲಿಲ್ಲ."

ನೀತಿ: ಗಮನವಿಟ್ಟು ನೋಡಿ ಆಡಿದ ಮಾತೇ ನಿಜವಾದ ಮೆಚ್ಚುಗೆ, ನೋಡದೆ ಹೊಗಳಿದರೆ ಹೊಗಳಿದವರಿಗೆ ದಣಿವು, ನಂಬಿದವರಿಗೆ ನಷ್ಟ.