ದುಂಡು ಚಾಪೆಯ ಮೂವರು ತಾಮ್ರದ ಅಕ್ಕತಂಗಿಯರು

ಒಂದಾನೊಂದು ಊರಿನಲ್ಲಿ ಜೋಂಪರಾಯ ಎಂಬ ದೊರೆ ಇದ್ದ. ಊರು ಎಲ್ಲಿತ್ತು ಎಂದು ಕೇಳಬೇಡಿ. ಕೇಳಿದವರಿಗೆ ಕತೆ ಇಲ್ಲ.

ದೊರೆಗೆ ಮಧ್ಯಾಹ್ನದ ನಿದ್ದೆ ಎಂದರೆ ಪ್ರಾಣ. ನಿದ್ದೆ ಬರಬೇಕಾದರೆ ಒರಳಿನಲ್ಲಿ ಚಟ್ನಿ ರುಬ್ಬುವ ಸದ್ದು ಬೇಕು. ಗರ್ರ್, ಗರ್ರ್, ಗರ್ರ್. ಸದ್ದು ನಿಂತರೆ ಎಚ್ಚರ. ಎಚ್ಚರವಾದರೆ ಆಜ್ಞೆ. ಅರೆಗಣ್ಣಿನಲ್ಲಿ ಆಜ್ಞೆ ಹೊರಡಿಸುವುದು ಅವನ ಚಟ.

ಒಮ್ಮೆ ಸದ್ದು ನಿಂತಿತು. "ಹಾಗಲಕಾಯಿಗೆ ಗಡೀಪಾರು!" ಎಂದ.

ಇನ್ನೊಮ್ಮೆ ನಿಂತಿತು. "ಮೇಕೆಗಳೆಲ್ಲ ಹಿಂದುಹಿಂದಕ್ಕೆ ನಡೆಯಲಿ!" ಎಂದ. ನಡೆದವು. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಅವಕ್ಕೆ ಕಾಣುತ್ತಿರಲಿಲ್ಲ. ಎಲ್ಲಿಂದ ಹೊರಟೆವು ಎಂಬುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ರುಬ್ಬುವವಳು ಸಾತವ್ವ. ಅವಳ ಮಗಳು ಹೊನ್ನಿ ಪಕ್ಕದ ರಾಜ್ಯದಲ್ಲಿ ತುಂಬು ಬಸುರಿ. ಸಾತವ್ವ ದೊರೆಯ ಮುಂದೆ ಕೈಮುಗಿದಳು.

"ಬುದ್ಧೀ, ಮಗಳ ಬಾಣಂತನಕ್ಕೆ ಹೋಗಬೇಕು."

"ಹೋಗು. ಒರಳಿನ ಗುಂಡು ತಿರುಗುತ್ತಿರಲಿ."

"ನಾನು ಹೋದರೆ ತಿರುಗಿಸುವವರು ಯಾರು ಬುದ್ಧೀ?"

"ಅದನ್ನೇ ನಾನೂ ಕೇಳುತ್ತಿದ್ದೇನೆ. ಗುಂಡು ತಾನಾಗಿ ತಿರುಗಿದರೆ ನಿನಗೆ ರಜೆ. ನಡುವೆ ಒಂದು ಚಣ ನಿಂತರೂ ರಜೆ ಇಲ್ಲ. ಆ ಮಗು ಅಜ್ಜನಾದರೂ ಇಲ್ಲ."

ಸಾತವ್ವ ಅಳುತ್ತ ಕಾಲುವೆ ದಂಡೆಗೆ ಬಂದಳು. ಅಲ್ಲಿ ಸೂಜಿಗಲ್ಲಯ್ಯ ಕೂತು ಅವಳಿಗಿಂತ ಜೋರಾಗಿ ಅಳುತ್ತಿದ್ದ. ಅವನಿಗೆ ಎರಡು ಮುಖ. ಒಂದು ಮುಖ "ಬನ್ನಿ" ಅನ್ನುತ್ತಿತ್ತು. ಇನ್ನೊಂದು "ಹೋಗಿ" ಅನ್ನುತ್ತಿತ್ತು. ಹಾಗಾಗಿ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ.

"ಬಾರಪ್ಪ, ಹೆಣ್ಣು ತೋರಿಸುತ್ತೇನೆ," ಎಂದಳು ಸಾತವ್ವ. ಅಳುವವರಿಬ್ಬರು ಸೇರಿದರೆ ಒಂದು ಕೆಲಸ ಹುಟ್ಟುತ್ತದೆ.

ಕಾಲುವೆಯ ಆಚೆ ತಾಮ್ರದವರ ಮನೆ. ಅಲ್ಲಿ ಮೂವರು ಅಕ್ಕತಂಗಿಯರು. ಕೆಂಪವ್ವ, ಅರಿಶಿನವ್ವ, ನೀಲವ್ವ. ಮೂವರೂ ತಾಮ್ರದ ತಂತಿ ಸುತ್ತಿ ಸುತ್ತಿ ಆದವರು. ಮೊದಲು ಕೆಂಪವ್ವನನ್ನು ಕೂರಿಸಿ ಸೂಜಿಗಲ್ಲಯ್ಯನನ್ನು ಎದುರಿಗೆ ನಿಲ್ಲಿಸಿದರು.

"ಹೇಗನ್ನಿಸುತ್ತದೆ ಮಗಳೇ?"

"ಅವನು ಬರುವಾಗ ಎದೆಯಲ್ಲಿ ತಳಮಳ ಆಯಿತು ಸಾತವ್ವ. ಈಗ ಎದುರಿಗೇ ನಿಂತಿದ್ದಾನೆ, ಏನೂ ಇಲ್ಲ. ಕಂಬ ನೋಡಿದ ಹಾಗಿದೆ."

ಅವನು ಮುಖ ತಿರುಗಿಸಿ ಹೊರಟ. "ಅಯ್ಯೋ, ಈಗ ಮತ್ತೆ ತಳಮಳ! ಆದರೆ ಉಲ್ಟಾ ತಳಮಳ!" ಎಂದಳು ಕೆಂಪವ್ವ.

ಸಾತವ್ವನ ಅಳು ನಿಂತಿತು. ತಳಮಳ ಎಂದರೆ ತಳ್ಳುವ ಬಲ. ಬಂದರೆ ಅತ್ತ ತಳ್ಳುತ್ತಾಳೆ, ಹೋದರೆ ಇತ್ತ ತಳ್ಳುತ್ತಾಳೆ. ವರ ನಿಲ್ಲಬಾರದು, ಅಷ್ಟೇ. ಅವಳು ಸೂಜಿಗಲ್ಲಯ್ಯನನ್ನು ಕಾಲುವೆಯ ನೀರುಚಕ್ರದ ಅಚ್ಚಿಗೆ ಕಟ್ಟಿ, ಕೆಂಪವ್ವನನ್ನು ಅವನೆದುರು ಚಾಪೆ ಹಾಸಿ ಕೂರಿಸಿದಳು.

ಕಾಲುವೆ ಗೊಣಗಿತು. "ಆ ಹುಡುಗಿ ತಳಮಳಿಸಿದಷ್ಟೂ ಈ ಚಕ್ರ ನನಗೆ ಭಾರ. ತಳಮಳ ಪುಕ್ಕಟೆ ಬರುತ್ತದೆ ಅಂದುಕೊಂಡೆಯಾ?"

"ನೀನು ಹೇಗೂ ಇಳಿಜಾರಿಗೆ ಹೋಗುವವಳು. ಹೋಗುತ್ತಾ ತಳ್ಳು ತಾಯೀ."

ತಳಮಳ ಹರಿದು ಹೋಗಿ ಗುಂಡನ್ನು ತಳ್ಳಲೆಂದು ಕೆಂಪವ್ವನಿಂದ ಒರಳಿನವರೆಗೆ ಒಂದು ತಂತಿ ಎಳೆದರು. ಹೋದ ತಳಮಳ ಹಿಂದಿರುಗಲೇಬೇಕು, ಇಲ್ಲವಾದರೆ ಅದು ಹೊರಡುವುದೇ ಇಲ್ಲ. ಹಿಂದಕ್ಕೆ ಹೊತ್ತು ತರಲು ಹುಡುಗಿಯರ ಸೋದರಮಾವ ಸೊನ್ನಪ್ಪನಿಗೆ ಒಂದು ಬುಟ್ಟಿ ಕೊಟ್ಟರು.

ಚಕ್ರ ತಿರುಗಿತು. ಗುಂಡು ಅತ್ತ ವಾಲಿತು, ನಿಂತಿತು. ಇತ್ತ ವಾಲಿತು, ನಿಂತಿತು. ಪ್ರತಿ ಸಲ ನಿಂತಾಗ ದೊರೆಯ ಒಂದು ಕಣ್ಣು ತೆರೆಯಿತು. ಸಾತವ್ವ ಓಡಿ ಹೋಗಿ ಕೈಯಲ್ಲೇ ಗುಂಡು ತಿರುಗಿಸಿದಳು. ಕಣ್ಣು ಮುಚ್ಚಿತು.

"ಒಬ್ಬಳ ಬಲ ಸಾಲದು. ನಾವೂ ಬರುತ್ತೇವೆ," ಎಂದರು ಅರಿಶಿನವ್ವ, ನೀಲವ್ವ. ತಮ್ಮ ತಂತಿಗಳನ್ನೂ ಒರಳಿಗೆ ಎಳೆಸಿ, ಅಕ್ಕನ ಪಕ್ಕದಲ್ಲೇ ಅಂಟಿಕೊಂಡು ಕೂತರು. ಅವರ ಮನೆಯ ಪದ್ಧತಿ ಅದು. ವರ ಬಂದರೆ ಅಕ್ಕತಂಗಿಯರು ಒಂದೇ ಚಾಪೆಯ ಮೇಲೆ, ಒಂದೇ ಸಾಲಿನಲ್ಲಿ ಕೂರಬೇಕು.

ಏನಾಯಿತು? ಮೂವರಿಗೂ ಒಟ್ಟಿಗೇ ತಳಮಳ. ಮೂವರಿಗೂ ಒಟ್ಟಿಗೇ ಏನೂ ಇಲ್ಲ. ಗುಂಡು ಮೂರು ಪಟ್ಟು ಜೋರಾಗಿ ಅತ್ತ ಬಡಿಯಿತು, ನಿಂತಿತು. ಮೂರು ಪಟ್ಟು ಜೋರಾಗಿ ಇತ್ತ ಬಡಿಯಿತು, ನಿಂತಿತು. ದೊರೆಯ ಎರಡೂ ಕಣ್ಣು ತೆರೆದವು. ಬಾಯಿ ತೆರೆಯುವಷ್ಟರಲ್ಲಿ ಸಾತವ್ವ ಅದಕ್ಕೆ ಚಟ್ನಿ ತುರುಕಿ ಗುಂಡು ಹಿಡಿದಳು.

ಸೊನ್ನಪ್ಪ ಬುಟ್ಟಿ ಇಳಿಸಿ ಏದುಸಿರು ಬಿಟ್ಟ. "ಮೂವರದ್ದೂ ಒಂದೇ ಸಲ ಹೊರುವುದಕ್ಕೆ ನಾನೇನು ಕತ್ತೆಯಾ?"

"ಬೇರೆ ಬೇರೆ ಕೂತುಕೊಳ್ಳಿ ಮಕ್ಕಳೇ," ಎಂದಳು ಸಾತವ್ವ.

"ಬೇರೆ ಚಾಪೆಯಾ? ಮನೆ ಒಡೆಯಲು ಬಂದೆಯಾ?" ಎಂದಳು ಕೆಂಪವ್ವ.

"ಒಂದೇ ಚಾಪೆ!" ಎಂದಳು ಅರಿಶಿನವ್ವ.

"ಒಂದೇ ಚಾಪೆ!" ಎಂದಳು ನೀಲವ್ವ.

ಸಾತವ್ವ ಚಾಪೆಯನ್ನು ನೋಡಿದಳು. ಹುಡುಗಿಯರನ್ನು ನೋಡಿದಳು. ಹೊನ್ನಿಗೆ ನೋವು ಶುರುವಾಗಿರಬಹುದು ಎಂದು ನೆನೆದಳು. ಆಮೇಲೆ ಚಾಪೆಯನ್ನು ಅಡ್ಡವಾಗಿ ಎತ್ತಿ ನಿಲ್ಲಿಸಿ, ಸೂಜಿಗಲ್ಲಯ್ಯನ ಸುತ್ತ ದುಂಡಗೆ ಬಳಸಿ, ತುದಿಗೆ ತುದಿ ಹೊಲಿದುಬಿಟ್ಟಳು. ಒಳಮೈಯಲ್ಲಿ ಸಮಸಮ ದೂರಕ್ಕೆ ಮೂವರನ್ನೂ ಅಂಟಿಸಿದಳು.

"ಒಂದೇ ಚಾಪೆ ತಾನೇ?"

ಮೂವರೂ ಎಷ್ಟು ಯೋಚಿಸಿದರೂ ತಪ್ಪು ಸಿಗಲಿಲ್ಲ.

ಮೂವರ ತಂತಿಗಳನ್ನೂ ಒರಳಿನ ಸುತ್ತ ಹಾಗೇ ಸಮಸಮ ದೂರಕ್ಕೆ ಕಟ್ಟಿದರು. ಚಕ್ರ ತಿರುಗಿತು. ಈಗ ಕೆಂಪವ್ವನ ತಳಮಳ ಇಳಿಯುವಷ್ಟರಲ್ಲಿ ಅರಿಶಿನವ್ವನದು ಏರಿತು. ಅರಿಶಿನವ್ವನದು ಇಳಿಯುವಷ್ಟರಲ್ಲಿ ನೀಲವ್ವನದು ಏರಿತು. ನೀಲವ್ವನದು ಇಳಿಯುವಷ್ಟರಲ್ಲಿ ಕೆಂಪವ್ವ ಮತ್ತೆ ಶುರು. ಒಬ್ಬಳು ಬಿಟ್ಟ ಗುಂಡನ್ನು ಇನ್ನೊಬ್ಬಳು ಹಿಡಿದಳು. ಗುಂಡು ವಾಲಲಿಲ್ಲ, ಬಡಿಯಲಿಲ್ಲ, ನಿಲ್ಲಲಿಲ್ಲ. ಗರ್ರ್ ಎಂದು ಸುತ್ತಿತು. ದೊರೆಯ ಎರಡೂ ಕಣ್ಣು ಮುಚ್ಚಿದವು.

ಸೊನ್ನಪ್ಪ ಬುಟ್ಟಿಯೊಳಗೆ ಇಣುಕಿ ನೋಡಿದ. ಖಾಲಿ. "ಒಬ್ಬಳು ಕಳಿಸಿದ್ದನ್ನು ಉಳಿದಿಬ್ಬರೇ ವಾಪಸು ತರುತ್ತಿದ್ದಾರಲ್ಲ! ಹಾಗಾದರೆ ನಾನು ಯಾಕೆ?"

"ಸುಮ್ಮನೆ ನಿಂತಿರಿ ಮಾವ. ಮನೆಗೆ ಒಬ್ಬ ಹಿರಿಯ ಇರಬೇಕು," ಎಂದಳು ಸಾತವ್ವ.

ಸೂಜಿಗಲ್ಲಯ್ಯ ತಿರುಗುತ್ತಲೇ ಕೂಗಿದ. "ಇವರಲ್ಲಿ ನನಗೆ ಯಾರು?"

"ಯಾರಿಗೆ ತಳಮಳ ಹೆಚ್ಚೋ ಅವಳು," ಎಂದಳು ಸಾತವ್ವ.

"ಕೆಂಪವ್ವ! ಅಲ್ಲ, ಅರಿಶಿನವ್ವ! ತಡಿ ತಡಿ, ನೀಲವ್ವ! ಅಲ್ಲಲ್ಲ, ಕೆಂಪವ್ವ!" ಇನ್ನೊಂದು ಸುತ್ತು ನೋಡಿ ಹೇಳುತ್ತೇನೆ ಎಂದ. ಪಾಪ, ಇನ್ನೂ ನೋಡುತ್ತಿದ್ದಾನೆ.

ಸಾತವ್ವ ಗಂಟುಮೂಟೆ ಕಟ್ಟಿ ಕೋಟೆ ಬಾಗಿಲಿಗೆ ಬಂದಳು. ಕಾವಲುಗಾರ ಕೆಂಚಣ್ಣ ಈಟಿ ಅಡ್ಡ ಹಿಡಿದ.

"ಎಲ್ಲಿಗವ್ವ? ದೊರೆಯ ಅಪ್ಪಣೆ ಎಲ್ಲಿ?"

"ದೊರೆ ಮಲಗಿದ್ದಾರಪ್ಪ."

"ಎದ್ದ ಮೇಲೆ ಕೇಳಿಕೊಂಡು ಬಾ."

"ಗುಂಡು ನಿಂತರೆ ತಾನೇ ಏಳುವುದು? ಗುಂಡು ನಿಂತರೆ ನನಗೆ ರಜೆ ಇಲ್ಲ."

"ಹಾಗಾದರೆ ಏಳದಿರಲಿ."

"ಏಳದಿದ್ದರೆ ಅಪ್ಪಣೆ ಇಲ್ಲ."

ಕೆಂಚಣ್ಣ ತಲೆ ಕೆರೆದುಕೊಂಡ. ಸಾತವ್ವನಿಗೆ ಅಳು ಬಂತು. "ಮಗಳು ಅಲ್ಲಿ ಒಬ್ಬಳೇ ಇದ್ದಾಳಪ್ಪ. ನಿನಗೆ ಬಾಗಿಲು ಕಾಯಲು ಹೇಳಿದವರಾದರೂ ಯಾರು?"

"ದೊರೆ. ದಿನಾ ನಿದ್ದೆಯಿಂದೆದ್ದು ಹೇಳುತ್ತಾರೆ, ಕೆಂಚಾ, ಬಾಗಿಲು ಕಾಯಿ, ಅಂತ."

"ಇವತ್ತು ಹೇಳಿದರಾ?"

ಕೆಂಚಣ್ಣ ಅರಮನೆಯ ಕಡೆ ತಿರುಗಿದ. ಕಿವಿಗೊಟ್ಟ. ಗರ್ರ್, ಗರ್ರ್, ಗರ್ರ್. ಈಟಿಯನ್ನು ಗೋಡೆಗೆ ಒರಗಿಸಿದ.

"ಕೊಡವ್ವ ಆ ಗಂಟು. ಭಾರ ಇದೆ, ನಾನು ಹೊರುತ್ತೇನೆ."

ಹೊನ್ನಿ ಹೆರುವ ಹೊತ್ತಿಗೆ ಸಾತವ್ವ ತಲೆದಿಂಬಿನ ಹತ್ತಿರ ಇದ್ದಳು. ಕೆಂಚಣ್ಣ ಹೊರಗೆ ನೀರು ಕಾಯಿಸುತ್ತಿದ್ದ.

ಇದರಿಂದ ನಮಗೆ ತಿಳಿಯುವ ನೀತಿ ಏನು? ವರ ನೋಡಲು ಬಂದರೆ ಚಾಪೆ ದುಂಡಗೆ ಹಾಸಿ. ದೊರೆ ಮಲಗಿದ್ದರೆ ದಯವಿಟ್ಟು ಸದ್ದು ಮಾಡುತ್ತಿರಿ.

ಕತೆ ಅತ್ತ ತಿರುಗಿತು, ನಾವು ಇತ್ತ ತಿರುಗಿದೆವು. ಹೂಂ ಅಂದವರಿಗೆ ಚಟ್ನಿ, ಊಹೂಂ ಅಂದವರಿಗೂ ಚಟ್ನಿ. ಬಹಳ ಉಳಿದಿದೆ.