ಮುದಿ ನಾಯಿ ಆರಿಸಿದ ಬಚ್ಚಲ ನೆಲ

ನೀಲಾಂಬಿಕೆಯ ಮನೆಯ ಬಚ್ಚಲಿಗೆ ಹೊಸ ನೆಲ ಹಾಕಿಸಬೇಕಿತ್ತು. ಗಾರೆ ಕೆಲಸದವನು ಮರುದಿನವೇ ಬರುವವನಿದ್ದ. ಅಂಗಡಿಯಿಂದ ತಂದ ಎರಡು ಮಾದರಿಗಳನ್ನು ಅವಳು ಅಂಗಳದಲ್ಲಿಟ್ಟಳು. ಒಂದು ಹೊಳೆಯುವ ಬಿಳಿ ಟೈಲ್ಸು, ಇನ್ನೊಂದು ತರಿತರಿಯಾದ ಬೂದು ಕಲ್ಲು. ಟೈಲ್ಸನ್ನು ಸೆರಗಿನಿಂದ ಒರೆಸಿದಾಗ ಅದರಲ್ಲಿ ಅವಳ ಮುಖವೇ ಕಂಡಿತು.

"ಇದೇ ಇರಲಿ," ಎಂದಳು.

"ನನ್ನನ್ನು ಕಂಡವರು ಬೇರೆಯದನ್ನು ಕೇಳಿದ್ದೇ ಇಲ್ಲ," ಎಂದಿತು ಟೈಲ್ಸು.

ಮನೆಯ ಮುದಿ ನಾಯಿ ಕುಂಟುತ್ತ ಎದ್ದು ಬಂತು. ವಾರಕ್ಕೊಮ್ಮೆ ನೀಲಾಂಬಿಕೆ ಅದಕ್ಕೆ ಸ್ನಾನ ಮಾಡಿಸುತ್ತಿದ್ದುದು ಆ ಬಚ್ಚಲಿನಲ್ಲೇ. ಅದರ ಹಿಂಗಾಲು ಮುರಿದದ್ದೂ ಅಲ್ಲೇ.

"ಅಮ್ಮ, ಬಚ್ಚಲಿನ ನೆಲವನ್ನು ಒರೆಸಿ ನೋಡಿದರೆ ಏನು ತಿಳಿದೀತು? ಎರಡರ ಮೇಲೂ ಒಂದೊಂದು ಚೊಂಬು ಸೋಪಿನ ನೀರು ಹಾಕಿ," ಎಂದಿತು.

"ಧಾರಾಳವಾಗಿ ಹಾಕಿ," ಎಂದಿತು ಟೈಲ್ಸು. "ನೀರು ಬಿದ್ದರೆ ನಾನು ಇನ್ನೂ ಹೊಳೆಯುತ್ತೇನೆ."

ಅವಳು ಹಾಕಿದಳು. ಟೈಲ್ಸು ಹೇಳಿದಂತೆಯೇ ಹೊಳೆಯಿತು. ನಾಯಿ ಅದರ ಮೇಲೆ ಮುಂಗಾಲಿಟ್ಟಿದ್ದೇ ತಡ, ಉಗುರು ಜಾರಿ ಗದ್ದ ನೆಲಕ್ಕೆ ಬಡಿಯಿತು. ಸಾವರಿಸಿಕೊಂಡು ಕಲ್ಲಿನ ಮೇಲೆ ಹೋಗಿ ನಿಂತು, ಕಾಲು ಕದಲಿಸದೆ ಮೈ ಕೊಡವಿತು.

"ಸ್ನಾನ ಮಾಡಿಸುವಾಗ ಹೀಗಾಗಿದ್ದರೆ ನಿನ್ನನ್ನು ಹಿಡಿದುಕೊಂಡ ನಾನೂ ಬೀಳುತ್ತಿದ್ದೆ," ಎಂದು ನೀಲಾಂಬಿಕೆ ಕಲ್ಲನ್ನು ಒಳಗೆ ಒಯ್ದಳು.

"ಹಾಗಾದರೆ ನನ್ನ ಹೊಳಪು ವ್ಯರ್ಥವೇ?" ಎಂದು ಟೈಲ್ಸು ಕೇಳಿತು.

"ವ್ಯರ್ಥವೇಕೆ? ಬಚ್ಚಲಿಗೆ ಗೋಡೆಯೂ ಇದೆ," ಎಂದಿತು ನಾಯಿ. "ಯಾರೂ ನಿನ್ನನ್ನು ನಂಬಿ ಕಾಲಿಡದ ಕಡೆ ಎಷ್ಟು ಬೇಕಾದರೂ ಹೊಳೆ."