ಸಂಕಮ್ಮ ಹಾಕಿದ ಗಂಟು

ಚಿಕ್ಕಮ್ಮನ ಕೋಣೆ ಬಾಗಿಲು ತಟ್ಟಿದ್ದು ಸಾಕು ಪುಟ್ಟಿ, ಬಾ ಮಲಕ್ಕೋ. ಅವಳು ಆಟಕ್ಕೆ ಬರಲಿಲ್ಲ ಅಂತ ಮುಖ ಊದಿಸ್ಕೋಬೇಡ. ಕತೆ ಹೇಳ್ತೀನಿ, ಹೂಂ ಅನ್ನು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಒಂದು ನೇಕಾರರ ಕೇರಿ ಇತ್ತಂತೆ, ಅಲ್ಲಿ ಸಂಕಮ್ಮ ಅಂತ ಒಬ್ಬಳಿದ್ದಳಂತೆ. ಕಾಲಿಗೆ ಚಕ್ರ ಕಟ್ಕೊಂಡೋಳು, ಕೂತಲ್ಲಿ ಕೂರೋಳಲ್ಲ. ಅವಳಿಗೆ ಮೂರು ಜನ ಗಂಡುಮಕ್ಕಳು, ಮನೇಲಿ ಮೂರು ಮಗ್ಗ. ದೊಡ್ಡೋನು ಬಸಲಿಂಗ, ಮೂಗಿನ ತುದೀಲೇ ಕೋಪ. ಅವನ ಲಾಳಿ ಯಾರಾದರೂ ಮುಟ್ಟಿದರೆ ಹೆಂಚು ಹಾರಿಹೋಗೋ ಹಾಗೆ ಕೂಗೋನಂತೆ, ಸಂಕಮ್ಮ ಬಿಸಿ ಮುದ್ದೆ ಮುಂದಿಟ್ಟರೆ ಉಂಡು ಏಳೋಷ್ಟರಲ್ಲಿ ತಣ್ಣಗಾಗೋನಂತೆ. ನಡುವಿನೋನು ತಿಮ್ಮಯ್ಯ, ಅಳುಬುರುಕ. ಸಾಕಿದ ಕೋಳೀನ ಬೆಕ್ಕು ಹೊತ್ಕೊಂಡು ಹೋಯ್ತು ಅಂತ ಮೂರು ದಿನ ಅತ್ತು, ನಾಲ್ಕನೇ ದಿನ ಹೋಳಿಗೆ ವಾಸನೆಗೆ ಎದ್ದು ಕೂತನಂತೆ. ಸಣ್ಣೋನು ಚನ್ನಿಗ, ಹಾಡುಗಾರ. ಅವನು ಲಾಳಿ ಎಸೀತಾ ಪದ ಶುರು ಮಾಡಿದರೆ ಕೇರಿಗೆಲ್ಲ ಬೆಳಗಾಯ್ತು ಅಂತ.

ಹೀಗಿರಬೇಕಾದರೆ ಯುಗಾದಿ ಕಳೆದ ಮೇಲೆ ಒಂದಿನ ಚನ್ನಿಗನ ಪದ ನಿಂತುಹೋಯ್ತಂತೆ. ಯಾರೂ ಬೈದಿಲ್ಲ, ಯಾರೂ ಸತ್ತಿಲ್ಲ, ಏನೂ ಕಳೆದಿಲ್ಲ. ಏನಾಯ್ತೋ ಅಂದರೆ ಏನೂ ಆಗಿಲ್ಲಮ್ಮ ಅಂತಾನೆ, ಗೋಡೆ ಕಡೆ ತಿರುಗ್ತಾನೆ. ವಾರ ಆಯ್ತು, ತಿಂಗಳಾಯ್ತು, ಸ್ನಾನ ಬೇಡ, ಊಟ ಬೇಡ, ಅಳೋದೂ ಇಲ್ಲ. ಅತ್ತಿದ್ದರೆ ಸಂಕಮ್ಮನಿಗೆ ಸಮಾಧಾನ, ಅಳೋ ಮಗನ್ನ ಸಂಭಾಳಿಸೋದು ಗೊತ್ತಿತ್ತಲ್ಲ. ಒಳಗೆ ಹೋಗ್ತಾಳೆ, ಹೊರಗೆ ಬರ್ತಾಳೆ, ಒಲೆ ಮೇಲೆ ಹಾಲಿಟ್ಟು ಮರೀತಾಳೆ. ಅವನ ಮಗ್ಗ ನಿಂತರೆ ಕೇರಿಗೆ ತಿಳಿಯತ್ತೆ ಅಂತ ತಾನೇ ಕೂತು ನೇಯ್ದಳಂತೆ. ಒಂದೆಳೆ ಹರೀತು, ಗಂಟು ಹಾಕಿದಳು. ಪಕ್ಕದ್ದು ಹರೀತು, ಅದಕ್ಕೂ ಗಂಟು. ಗಂಟು ಹಾಕ್ತಾ ಹಾಕ್ತಾ ಬೆರಳು ನೋವು ಬಂದರೂ ಬಟ್ಟೆ ಒಂದು ಗೇಣು ಮುಂದೆ ಹೋಗಲಿಲ್ಲ.

ಆಮೇಲೆ ಹೋಳಿಗೆ ಮಾಡಿದಳಂತೆ. ಅವನು ಒಂದು ತುಂಡು ಮುರಿದು ಬಾಯಲ್ಲಿಟ್ಟು, ಮಣ್ಣು ತಿಂದ ಹಾಗೆ ನುಂಗಿದನಂತೆ. ಆಮೇಲೆ ತಂಗಿ ಮಗಳ ಮದುವೆಗೆ ಎಳ್ಕೊಂಡು ಹೋದಳು, ಓಲಗದ ಸದ್ದಿಗೆ ಅವನು ಕಂಬದ ಹಿಂದೆ ಕಿವಿ ಮುಚ್ಕೊಂಡು ಕೂತನಂತೆ. ಆಮೇಲೆ ಅವಳಿಗೂ ತಾಳ್ಮೆ ಕೆಟ್ಟು, ಮೈಗಳ್ಳ, ಸುಖ ಹೆಚ್ಚಾಗಿ ಹಿಂಗಾಡ್ತೀಯ ಅಂತ ಒಂದು ಕೊಡ ತಣ್ಣೀರು ಸುರಿದಳಂತೆ. ಪಾಪ, ಒದ್ದೆ ಬಟ್ಟೇಲೇ ಹೋಗಿ ಮಗ್ಗದ ಮುಂದೆ ಕೂತ, ಲಾಳಿ ಎತ್ತೋಕೆ ಕೈ ಬರಲಿಲ್ಲ. ಆಗ ಮೆಲ್ಲಗೆ ಅಂದನಂತೆ, ಅಮ್ಮ, ನಾನಿಲ್ಲದೇ ಹೋದರೆ ನಿಂಗೆ ಹಗುರ ಆಗತ್ತೆ ಅಲ್ವಾ ಅಂತ.

ಸಂಕಮ್ಮ ತಕ್ಷಣ ಬಸಲಿಂಗನ್ನ ಅವನ ಪಕ್ಕ ಕೂರಿಸಿ, ಒಂದು ಗಳಿಗೇನೂ ಬಿಟ್ಟು ಏಳಬೇಡ ಅಂತ ಹೇಳಿ, ಚಪ್ಪಲೀನೂ ಮೆಟ್ಟದೆ ಓಡಿದಳು. ಎಳೆ ಗಟ್ಟಿ ಆಗಲಿ ಅಂತ ನೂಲಿಗೆ ಹಾಕೋ ಗಂಜೀನ ಕೇರಿಗೆಲ್ಲ ಕಾಯಿಸೋ ಈರಜ್ಜಿ ಅಂತ ಒಬ್ಬಳಿದ್ದಳು, ಅವಳನ್ನ ಕೈಹಿಡಿದು ಕರ್ಕೊಂಡು ಬಂದಳಂತೆ. ಈರಜ್ಜಿ ಚನ್ನಿಗನ ತಲೆ ಸವರಿದಳು, ಆಮೇಲೆ ಅವನ ಮಗ್ಗ ನೋಡಿದಳು.

ಎಷ್ಟು ಗಂಟು ಹಾಕಿದ್ದೀಯೇ ಸಂಕಿ, ಅಂದಳಂತೆ. ಒಂದೆಳೆ ಹರಿದರೆ ಗಂಟು ಸರಿ. ಎಲ್ಲಾ ಎಳೇನೂ ಹರೀತಿದ್ದರೆ ಗಂಜಿ ಉದುರಿದೆ ಅಂತ. ಹಾಸು ಬಿಚ್ಚಿ ಬೀದಿಗೆ ತಾ.

ಹಾಸು ಅಂದರೆ ಮಗ್ಗದ ಉದ್ದಕ್ಕೂ ಎಳೆದಿರೋ ನೂಲು. ಅದಕ್ಕೆ ಗಂಜಿ ಹಿಡಿಸಬೇಕಾದರೆ ಬೀದಿ ಉದ್ದಕ್ಕೂ ಹಾಸಬೇಕು, ಕೇರಿಯೋರೆಲ್ಲ ಬಂದು ಹಿಡ್ಕೋಬೇಕು, ಅದು ಅವರ ಪದ್ಧತಿ. ಸಂಕಮ್ಮ ತಲೆ ತಗ್ಗಿಸಿ, ಬೀದಿಗೆ ತಂದರೆ ನಾಲ್ಕು ಜನ ಆಡ್ಕೋತಾರೆ ಅಂದಳಂತೆ. ಅವಳು ನೂಲಿನ ಮಾತು ಆಡ್ತಿರಲಿಲ್ಲ, ಈರಜ್ಜಿಗೂ ಅದು ಗೊತ್ತಿತ್ತು. ದೊಡ್ಡೋನ ಕೋಪಕ್ಕೆ, ನಡುವಿನೋನ ಅಳುವಿಗೆ ನೀನೊಬ್ಬಳೇ ಸಾಕು ಕಣೆ, ಇದು ಕಾಯಿಲೆ, ಇದಕ್ಕೆ ಸಾಲಲ್ಲ, ಆಡ್ಕೊಳ್ಳೋ ಆ ನಾಲ್ಕು ಜನಾನೇ ಬಂದು ತುದಿ ಹಿಡೀಬೇಕು ಅಂದಳಂತೆ.

ಆಮೇಲೆ ಸಂಕಮ್ಮ ನಾಚಿಕೆ ನುಂಗ್ಕೊಂಡು ಮನೆ ಮನೆಗೆ ಹೋಗಿ, ನನ್ನ ಮಗನಿಗೆ ಹುಷಾರಿಲ್ಲ ಬನ್ನಿ ಅಂದಳಂತೆ. ಒಬ್ಬಿಬ್ಬರು ಬಾಯಿಗೆ ಸೆರಗು ಮುಚ್ಕೊಂಡು ನಕ್ಕರು, ಮಿಕ್ಕೋರು ಬಂದು ಬೀದೀಲಿ ಹಾಸಿನ ತುದಿ ಹಿಡಿದು, ಗಂಜಿ ಹಿಡಿಸಿ, ತಿರುಗಿ ಮಗ್ಗಕ್ಕೆ ಏರಿಸಿದರು. ಪಕ್ಕದೂರಿಂದ ಪಂಡಿತರು ಬಂದು ಕೈನಾಡಿ ನೋಡಿ, ಜ್ವರ ಮೈಗೆ ಬರೋ ಹಾಗೆ ಇದು ಮನಸ್ಸಿಗೆ ಬಂದಿದೆ, ಬೈದರೆ ಹೋಗಲ್ಲ ಅಂತ ಹೇಳಿ ಮದ್ದು ಕೊಟ್ಟರಂತೆ. ದಿನಕ್ಕೊಬ್ಬರು ಅವನ ಪಕ್ಕ ಕೂತರು. ನಗು ಅಂತ ಯಾರೂ ಅನ್ನಲಿಲ್ಲ. ತಿಮ್ಮಯ್ಯನ ಸರದಿ ಬಂದಾಗ ಚನ್ನಿಗನ ಪಾಲಿನದನ್ನೂ ತಾನೇ ಅತ್ತನಂತೆ, ಅಳುಬುರುಕ. ಸಂಕಮ್ಮನಿಗೆ ಕಷ್ಟ ಆಗಿದ್ದು ಒಂದೇ, ಸುಮ್ಮನೆ ಕೂರೋದು. ಹಂಗಂತ ಮದ್ದು ಕುಡಿದ ಮಾರನೇ ದಿನಾನೇ ಅವನೇನು ಎದ್ದು ಕುಣೀಲಿಲ್ಲ. ಒಂದಿನ ಎದ್ದು ಕೂತರೆ ಎರಡು ದಿನ ಮಲಗೋನು. ಮಳೆಗಾಲ ಪೂರ್ತಿ ಹಂಗೇ ಹೋಯ್ತಂತೆ.

ಆಮೇಲೆ ಒಂದು ಬೆಳಿಗ್ಗೆ ಮಗ್ಗದ ಮನೆಯಿಂದ ಕೂಗು ಕೇಳಿಸ್ತು. ಬಸಲಿಂಗ ಇರಬೇಕು ಅಂತ ಸಂಕಮ್ಮ ಮುದ್ದೆಗೆ ಎಸರಿಟ್ಟಳಂತೆ. ನೋಡಿದರೆ ಬಸಲಿಂಗ ಬಾವಿ ಹತ್ತಿರ ಇದಾನೆ. ಓಡಿಹೋದಳು. ಚನ್ನಿಗ ಮುಖ ಕೆಂಪಗೆ ಮಾಡ್ಕೊಂಡು ಮಗ್ಗದ ಮುಂದೆ ನಿಂತಿದ್ದ, ಹಾಸಿನ ತುಂಬ ಇಷ್ಟು ಕೆಟ್ಟ ಗಂಟು ಯಾರು ಹಾಕಿದ್ದು ಅಂತ ಕೂಗ್ತಿದ್ದನಂತೆ. ನನ್ನ ಮಗನಿಗೆ ಕೋಪ ಬಂತು, ಕೋಪ ಬಂತು ಅಂತ ಸಂಕಮ್ಮ ಕೇರಿಗೆಲ್ಲ ಬೆಲ್ಲ ಹಂಚಿದಳಂತೆ. ದಸರೆ ಹೊತ್ತಿಗೆ ಪದಾನೂ ಬಂತು, ಮೊದಲು ಸಣ್ಣಗೆ, ಆಮೇಲೆ ಕೇರಿಗೆ ಕೇಳೋ ಹಾಗೆ. ಮೂರು ಮಗ್ಗಾನೂ ಆಡಿದವು, ಎಲ್ಲರೂ ಸುಖವಾಗಿದ್ದರಂತೆ.

ಚಿಕ್ಕಮ್ಮನ ತುದಿ ಯಾರು ಹಿಡ್ಕೋತಾರೆ ಅಂತೀಯಾ? ನಾಳೆ ನಿಮ್ಮಪ್ಪ ಅವಳನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾನೆ. ಮೊನ್ನೆ ನಾನೂ ಅವಳಿಗೆ ಸೋಮಾರಿ ಅಂದುಬಿಟ್ಟೆ ಕಣೆ ಪುಟ್ಟಿ, ನಂದೂ ಗಂಟೇ ಆಯ್ತು. ಕತೆ ಮುಗೀತು, ಕಾಲು ಹೊದ್ಕೊಂಡು ಕಣ್ಮುಚ್ಚು. ನಾನು ಹೋಗಿ ಸ್ವಲ್ಪ ಹೊತ್ತು ಅವಳ ಪಕ್ಕ ಸುಮ್ಮನೆ ಕೂತು ಬರ್ತೀನಿ.